ಆರನೆಯ ದಿನ ಎಲ್ಲಿಗೆ ಹೋಗಬೇಕು?

(ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹುಳು ಸಾಕಿದವರು ಬೆಳಗಿನ ಸೊಪ್ಪು ಹಾಕಿ ಓಡಿ ಬಂದಿದ್ದೀರಿ. ನೂಲು ಬಿಚ್ಚುವ ಕೆಲಸಕ್ಕೆ ಹೋಗುವವರು ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಚನ್ನಪಟ್ಟಣದ ಅಕ್ಕಂದಿರು ಬೊಂಬೆಯ ಕೆಲಸ ನಿಲ್ಲಿಸಿ ಬಂದಿದ್ದೀರಿ. ಇಷ್ಟು ಕಳೆದುಕೊಂಡು ಬಂದವರ ಮುಂದೆ ಬರೀ ಭಾಷಣ ಮಾಡಬಾರದು. ನನಗೆ ಒಪ್ಪಿಸಿದ ವಿಷಯ "ಕೌಟುಂಬಿಕ ದೌರ್ಜನ್ಯ ಮತ್ತು ಕಾನೂನು". ಕಾನೂನಿನ ವಿಷಯ ಹೇಳುತ್ತೇನೆ. ಆದರೆ ಅದರ ಪಕ್ಕದಲ್ಲೇ ದುಡ್ಡಿನ ವಿಷಯವನ್ನೂ ಇಟ್ಟುಕೊಂಡು ಹೇಳುತ್ತೇನೆ. ಯಾಕೆಂದರೆ ಕಾನೂನು ಬಂದಷ್ಟು ಬೇಗ ಅದನ್ನು ನಡೆಸುವ ದುಡ್ಡು ನಮ್ಮ ತಾಲ್ಲೂಕುಗಳಿಗೆ ಬರಲಿಲ್ಲ.

ದುಡ್ಡಿನ ಲೆಕ್ಕ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ತ್ರೀಶಕ್ತಿ ಯೋಜನೆ 2000–01ರಲ್ಲಿ ಬಂದಾಗ ಅಂಗನವಾಡಿ ಕಾರ್ಯಕರ್ತೆ ಮನೆಮನೆಗೆ ಬಂದು ಸಂಘಕ್ಕೆ ಕರೆದದ್ದು ಇಲ್ಲಿರುವ ಹಿರಿಯರಿಗೆ ನೆನಪಿರುತ್ತದೆ. ಅವತ್ತು ಗಂಡಸರು ನಕ್ಕರು. ಇವತ್ತು ಅದೇ ಗಂಡಸರು ಸಂಘದ ಸಾಲಕ್ಕೆ ಕಾಯುತ್ತಾರೆ. ನಿಮ್ಮ ಸಾಲದ ಪುಸ್ತಕ ತೆಗೆದು ನೋಡಿ. ಸಾಲದ ಕಾರಣ ಬರೆಯುವ ಜಾಗದಲ್ಲಿ "ಹಸು", "ಹುಳು ಮನೆ", "ಆಸ್ಪತ್ರೆ" ಇರುತ್ತದೆ. ಅದರ ಜೊತೆಗೆ ಎಷ್ಟೋ ಸಲ "ಮಗಳ ಮದುವೆ ಖರ್ಚು" ಎಂದೂ ಇರುತ್ತದೆ. ಅದನ್ನು ಬಿಡಿಸಿ ನೋಡಿದರೆ ಛತ್ರದ ಬಾಡಿಗೆ, ಊಟ, ಸೀರೆ ಇರುತ್ತವೆ. ಅವುಗಳ ಕೆಳಗೆ ಹುಡುಗನ ಸೂಟು, ಉಂಗುರ, ಕೊರಳಿಗೆ ಚೈನು, ಬೈಕು, ಕೈಗೆ ಇಷ್ಟು ನಗದು. ನಮ್ಮ ಕಡೆ ಇದನ್ನು ವರದಕ್ಷಿಣೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, "ವರೋಪಚಾರ" ಎನ್ನುತ್ತಾರೆ. ಉಪಚಾರವಂತೆ! ನಾವು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ದುಡ್ಡೇ ಮಗಳನ್ನು ಹೊಡೆಯುವವನ ಕೈಗೆ ಮುಂಗಡವಾಗಿ ಹೋಗುತ್ತಿದೆ.

ವರದಕ್ಷಿಣೆ ನಿಷೇಧ ಕಾಯ್ದೆ 1961ರಷ್ಟು ಹಳೆಯದು. ಅದರಲ್ಲಿ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಕಡಿಮೆಯೆಂದರೆ 5 ವರ್ಷ ಸಜೆ, ಜೊತೆಗೆ 15,000 ರೂಪಾಯಿ ಅಥವಾ ಕೊಟ್ಟ ವರದಕ್ಷಿಣೆಯ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದಂಡ. ಇದನ್ನೇ ಹಿಡಿದುಕೊಂಡು ಊರಿನ ತಿಳಿದವರು ಹೆಣ್ಣಿನ ಅಪ್ಪನನ್ನು ಹೆದರಿಸುತ್ತಾರೆ: "ಕೇಸ್ ಹಾಕಿದ್ರೆ ಕೊಟ್ಟ ನೀನೂ ಒಳಗೆ ಹೋಯ್ತೀಯ." ಇದಕ್ಕೆ ಉತ್ತರ ಅದೇ ಕಾಯ್ದೆಯಲ್ಲಿದೆ. ನೊಂದವರು ಕೊಟ್ಟ ಹೇಳಿಕೆಯನ್ನೇ ಆಧಾರ ಮಾಡಿಕೊಂಡು ಅವರ ಮೇಲೆ ಈ ಕಾಯ್ದೆಯಲ್ಲಿ ಮೊಕದ್ದಮೆ ಹೂಡುವಂತಿಲ್ಲ ಎಂದು 7ನೆಯ ಕಲಮಿನಲ್ಲಿ ಬರೆದಿದೆ. ಇನ್ನೊಂದು ಮಾತು 6ನೆಯ ಕಲಮಿನದು. ವರದಕ್ಷಿಣೆಯಾಗಿ ಪಡೆದದ್ದು ಯಾರ ಕೈಯಲ್ಲಿದ್ದರೂ ಅದನ್ನು 3 ತಿಂಗಳೊಳಗೆ ಹೆಣ್ಣುಮಗಳಿಗೆ ಒಪ್ಪಿಸಬೇಕು. ಅದು ಅವಳದ್ದು. ಪಂಚಾಯ್ತಿ ಸೇರಿಸಿ "ಅರ್ಧ ವಾಪಸ್ ಕೊಡ್ತಾರೆ, ಸುಮ್ನಾಗಿ" ಎನ್ನುವವರ ಮುಂದೆ ಈ ಮಾತನ್ನು ಹೇಳಿ.

ನಮ್ಮ ಜಿಲ್ಲೆಯಲ್ಲಿ ಈಚೆಗೆ ಇದಕ್ಕೆ ಹೊಸ ವೇಷ ಬಂದಿದೆ. ಬಿಡದಿಯ ಸುತ್ತ ಕಾರ್ಖಾನೆಗಳು ಬಂದವು, 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಬಂತು, ಭೂಮಿಯ ಬೆಲೆ ಏರಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದು ಕರ್ನಾಟಕದಲ್ಲಿ 1994ರಲ್ಲೇ ಕಾನೂನಾಯಿತು, 2005ರಲ್ಲಿ ಇಡೀ ದೇಶಕ್ಕೆ ಆಯಿತು. ಹಕ್ಕು ಬಂದದ್ದು ಅವಳ ಕಾಲ ಮೇಲೆ ಅವಳು ನಿಲ್ಲಲಿ ಎಂದು. ಆದರೆ ನಾನು ಕೇಳುತ್ತಿರುವುದು ಏನು? "ನಿಮ್ಮಪ್ಪಂಗೆ ಪರಿಹಾರದ ದುಡ್ಡು ಬಂದದಲ್ಲ, ನಿನ್ ಪಾಲು ಈಸ್ಕೊಂಡ್ ಬಾ, ಇಲ್ದಿದ್ರೆ ಈ ಮನೆ ಬಾಗ್ಲು ತುಳೀಬೇಡ." ಕೇಳಿದರೆ "ಅವಳ ಪಾಲು ಅವಳು ಕೇಳ್ತಾಳೆ, ನಮಗೇನು" ಎನ್ನುತ್ತಾರೆ. ಅವಳು ತನಗಾಗಿ ಕೇಳಿದರೆ ಅದು ಹಕ್ಕು. ಗಂಡನ ಮನೆಯವರು ಹೊಡೆದು ತರಿಸಿದರೆ ಅದು ಕಿರುಕುಳ.

1990ರ ದಶಕದಲ್ಲಿ ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳನ್ನು ಮೈ ಸುಟ್ಟುಕೊಂಡ ಸ್ಥಿತಿಯಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಒಯ್ಯುತ್ತಿದ್ದರು. ಕೇಳಿದವರಿಗೆಲ್ಲ "ಸ್ಟವ್ ಸಿಡೀತು" ಎಂಬ ಒಂದೇ ಉತ್ತರ. ಅತ್ತೆಗೆ ಸಿಡಿಯದ ಸ್ಟವ್ ಸೊಸೆಗೆ ಮಾತ್ರ ಯಾಕೆ ಸಿಡಿಯುತ್ತದೆ ಎಂದು ಆಗ ಗಟ್ಟಿಯಾಗಿ ಕೇಳಿದವರು ವಿಮೋಚನಾದಂತಹ ಮಹಿಳಾ ಸಂಘಟನೆಗಳವರು. ಸುಟ್ಟಗಾಯದ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕುಳಿತು, ಅಸಹಜ ಸಾವುಗಳ ಲೆಕ್ಕ ಹಿಡಿದು ಕೇಳಿದರು. ಈಗ ಸೀಮೆಎಣ್ಣೆ ಸ್ಟವ್ ಹೋಗಿದೆ, ನೇಣು, ವಿಷ, ಕೆರೆ ಬಾವಿಯ ಮಾತು ಕೇಳುತ್ತೇವೆ. ಸಾಯದೆ ದಿನಾ ಏಟು ತಿನ್ನುವವರ ಲೆಕ್ಕ ಬೇರೆಯೇ ಇದೆ. ಸರ್ಕಾರವೇ ನಡೆಸಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ 2019–20ರಲ್ಲಿ ಕೇಳಿದಾಗ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 44 ಜನ ಗಂಡನಿಂದ ಹಿಂಸೆ ಆಗಿದೆ ಎಂದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು 21 ಇತ್ತು. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ ಎಂದು ವಿದ್ವಾಂಸರು ಚರ್ಚೆ ಮಾಡಲಿ. ನಿಮ್ಮ ಸಂಘದಲ್ಲಿ 20 ಜನ ಇದ್ದರೆ ಅದರಲ್ಲಿ ಎಂಟೋ ಒಂಬತ್ತೋ ಜನ ಎಂದು ಲೆಕ್ಕ ಹಾಕಿ. ಪಕ್ಕದಲ್ಲಿ ಕುಳಿತವರನ್ನು ನೋಡಬೇಡಿ, ಸುಮ್ಮನೆ ಲೆಕ್ಕ ಹಾಕಿ.

ಕ್ರಿಮಿನಲ್ ಕಾನೂನು ಏನು ಹೇಳುತ್ತದೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ 498ಎ ಎಂಬ ಕಲಂ 1983ರಲ್ಲಿ ಬಂತು, ವರದಕ್ಷಿಣೆ ಸಾವಿಗೆ 304ಬಿ 1986ರಲ್ಲಿ ಬಂತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ನಂಬರು ಬದಲಾಗಿವೆ. ಕ್ರೌರ್ಯದ್ದು ಈಗ 85 ಮತ್ತು 86, ವರದಕ್ಷಿಣೆ ಸಾವಿನದು 80. "498ಎ ತೆಗೆದುಬಿಟ್ಟಿದ್ದಾರೆ, ಈಗ ಕೇಸ್ ಆಗಲ್ಲ" ಎಂದು ಒಂದು ಠಾಣೆಯಲ್ಲಿ ಹೇಳಿ ಕಳಿಸಿದ್ದನ್ನು ನಾನೇ ಕೇಳಿದ್ದೇನೆ. ನಂಬರು ಹೋಗಿದೆ, ಕಾನೂನು ಹೋಗಿಲ್ಲ. ಇನ್ನೊಂದು ತಪ್ಪು ತಿಳುವಳಿಕೆ 7 ವರ್ಷದ್ದು. ಮದುವೆಯಾಗಿ 7 ವರ್ಷದೊಳಗೆ ಎಂಬ ಮಾತು ಇರುವುದು ವರದಕ್ಷಿಣೆ ಸಾವಿನ ಕಲಮಿನಲ್ಲಿ. ಬದುಕಿರುವ ಹೆಂಗಸಿನ ಮೇಲಿನ ಕ್ರೌರ್ಯಕ್ಕೆ ಆ ಮಿತಿ ಇಲ್ಲ. ಮದುವೆಯಾಗಿ 20 ವರ್ಷ ಕಳೆದವಳೂ ದೂರು ಕೊಡಬಹುದು.

ಆದರೆ ನಮ್ಮ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಮೊದಲ ದಿನ ಕೇಳುವುದು ಜೈಲನ್ನಲ್ಲ. "ಅವನ್ನ ಜೈಲ್ಗಾಕುದ್ರೆ ನನ್ ಮಕ್ಳಿಗೆ ಅನ್ನ ಯಾರ್ ಆಕ್ತಾರೆ? ಹೊಡೀದಂಗ್ ಮಾಡಿ ಸಾಕು ಕಣಕ್ಕ." ಈ ಬೇಡಿಕೆಗೆ 2005ರವರೆಗೆ ನಮ್ಮಲ್ಲಿ ಸರಿಯಾದ ಕಾನೂನೇ ಇರಲಿಲ್ಲ. ಅದು ಹೇಗೆ ಬಂತು ಎನ್ನುವುದನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ನಾವು ಕೇಳಿದರೆ ಏನಾಗುತ್ತದೆ ಎನ್ನುವವರಿಗೆ ಅದೇ ಉತ್ತರ. 2002ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನ ಮುಂದೆ ಒಂದು ಮಸೂದೆ ತಂದಿತು. ಅದರಲ್ಲಿ ಗಂಡ "ರೂಢಿಯಾಗಿ" ಹೊಡೆಯುತ್ತಿದ್ದರೆ ಮಾತ್ರ ಅದು ದೌರ್ಜನ್ಯ ಎಂಬ ಅರ್ಥದ ಮಾತಿತ್ತು. ತನ್ನನ್ನೋ ತನ್ನ ಆಸ್ತಿಯನ್ನೋ ಕಾಪಾಡಿಕೊಳ್ಳಲು ಹೊಡೆದೆ ಎಂದರೆ ತಪ್ಪಿಸಿಕೊಳ್ಳಲು ದಾರಿಯೂ ಇತ್ತು. ಅಂದರೆ ಒಂದೆರಡು ಸಲ ಹೊಡೆದರೆ ಪರವಾಗಿಲ್ಲ! ದೇಶದ ಮಹಿಳಾ ಸಂಘಟನೆಗಳು, ಮಹಿಳಾ ವಕೀಲರು ಇದನ್ನು ಒಪ್ಪಲಿಲ್ಲ. ಸಭೆ ಮಾಡಿದರು, ಸಂಸತ್ತಿನ ಸಮಿತಿಯ ಮುಂದೆ ಹೋದರು, ತಾವೇ ಬೇರೆ ಕರಡು ಬರೆದು ಕೊಟ್ಟರು. ಆ ಮಸೂದೆ ಬಿದ್ದುಹೋಯಿತು. ಈಗಿರುವ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. "ರೂಢಿಯಾಗಿ" ಎಂಬ ಒಂದು ಪದವನ್ನು ತೆಗೆಸಲು ಅಷ್ಟು ಜನ ಹೆಂಗಸರು ಬೀದಿಗೆ ಬರಬೇಕಾಯಿತು.

ಈ ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಹೀನಾಯವಾಗಿ ಬೈಯುವುದು, ದುಡ್ಡು ಕೊಡದೆ ಸತಾಯಿಸುವುದು, ಒಡವೆ ಕಿತ್ತುಕೊಳ್ಳುವುದು, ಲೈಂಗಿಕ ಹಿಂಸೆ ಎಲ್ಲವೂ ದೌರ್ಜನ್ಯವೇ. ಮ್ಯಾಜಿಸ್ಟ್ರೇಟರು ಅವನು ಹತ್ತಿರ ಬರದಂತೆ ರಕ್ಷಣಾ ಆದೇಶ ಕೊಡಬಹುದು. ಅವಳನ್ನು ಮನೆಯಿಂದ ಹೊರಹಾಕದಂತೆ ಆದೇಶ ಕೊಡಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಗೆ ಅಲ್ಲಿ ಇರುವ ಹಕ್ಕಿಲ್ಲ ಎನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಜೀವನಾಂಶ, ಔಷಧಿ ಖರ್ಚು, ಮಕ್ಕಳ ತಾತ್ಕಾಲಿಕ ಸುಪರ್ದಿ, ಪರಿಹಾರ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಆದೇಶ ಮುರಿದರೆ 1 ವರ್ಷದವರೆಗೆ ಸಜೆ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕು, ಅರ್ಜಿಯನ್ನು 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು. ಓದಿದರೆ ಹೊಟ್ಟೆ ತುಂಬುತ್ತದೆ.

ಈಗ ಇದು ನೆಲದ ಮೇಲೆ ಹೇಗಿದೆ ನೋಡಿ. ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ಹೆಣ್ಣುಮಗಳು, ಇಬ್ಬರು ಮಕ್ಕಳು, ರಾತ್ರಿ ಕೈ ಮುರಿಸಿಕೊಂಡು ಮನೆ ಬಿಟ್ಟಳು. ಹೆಸರು ಊರು ಬೇಡ. ಸರ್ಕಾರದ 181 ಸಹಾಯವಾಣಿ ಇದೆ, ಜಿಲ್ಲೆಗೊಂದರಂತೆ ಸಖಿ ಕೇಂದ್ರ ಇದೆ. 2015ರಲ್ಲಿ ಶುರುವಾದ ಒಳ್ಳೆಯ ಯೋಜನೆ. ಆಸ್ಪತ್ರೆ, ಪೊಲೀಸು, ವಕೀಲರು, ಸಮಾಲೋಚನೆ ಒಂದೇ ಸೂರಿನಡಿ ಸಿಗಲಿ ಎಂದು ಮಾಡಿದ್ದು. ಆದರೆ ಅಲ್ಲಿ ಉಳಿಯುವುದಕ್ಕೆ ನಿಯಮದಲ್ಲಿರುವುದು ಹೆಚ್ಚೆಂದರೆ 5 ದಿನ. ಐದು ದಿನ ಅವಳಿಗೆ ಅನ್ನ ಸಿಕ್ಕಿತು, ಕೈಗೆ ಪಟ್ಟು ಹಾಕಿದರು, ಅರ್ಜಿ ಬರೆದರು. ಆರನೆಯ ದಿನ? ಕೋರ್ಟಿನ ಆದೇಶ ಇನ್ನೂ ಬಂದಿಲ್ಲ. ಹೆಚ್ಚು ದಿನ ಇರಬಹುದಾದ ಆಶ್ರಯ ಮನೆ ದೂರದಲ್ಲಿದೆ. ಅಲ್ಲಿಗೆ ಹೋದರೆ ದೊಡ್ಡ ಮಗನ ಶಾಲೆ ತಪ್ಪುತ್ತದೆ. ತವರಿಗೆ ಹೋದಳು. ತಮ್ಮನ ಹೆಂಡತಿ ನಾಲ್ಕು ದಿನ ಸುಮ್ಮನಿದ್ದಳು, ಅವಳದೂ ಒಂದೇ ಕೋಣೆಯ ಮನೆ, ಅವಳನ್ನು ಬೈಯಲಾರೆ. ಅಷ್ಟರಲ್ಲಿ ಗಂಡನ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಸೊಪ್ಪು ಹಾಕುವವರಿಲ್ಲ ಎಂದು ಅತ್ತೆ ಹೇಳಿ ಕಳಿಸಿದಳು. ಆ ಹುಳು ಮನೆಗೆ ಸಾಲ ಸಂಘದಲ್ಲಿ ಇವಳ ಹೆಸರಿನಲ್ಲಿತ್ತು. ಬೆಳೆ ಹೋದರೆ ಕಂತು ಕಟ್ಟುವವರು ಯಾರು? ಹನ್ನೆರಡನೆಯ ದಿನ ವಾಪಸ್ ಹೋದಳು. ಕೋರ್ಟಿನ ತಾರೀಖಿನ ದಿನ ಅವಳು ಬರಲಿಲ್ಲ. "ಹೆಂಗಸರು ಕೇಸ್ ಹಾಕ್ತಾರೆ, ಆಮೇಲೆ ರಾಜಿ ಆಗ್ತಾರೆ, ಸುಳ್ ಕೇಸು" ಎನ್ನುವವರು ಈ ಹನ್ನೆರಡು ದಿನದ ಲೆಕ್ಕವನ್ನು ಒಮ್ಮೆ ನೋಡಬೇಕು.

ಈ ಕಾಯ್ದೆಯ ಬೆನ್ನೆಲುಬು ಸಂರಕ್ಷಣಾಧಿಕಾರಿ. ಘಟನಾ ವರದಿ ಬರೆಯುವುದು, ಅರ್ಜಿ ಹಾಕಲು ನೆರವಾಗುವುದು, ಆಶ್ರಯಕ್ಕೆ ಕಳಿಸುವುದು, ಕೋರ್ಟಿನ ಆದೇಶ ಪಾಲನೆಯಾಗುವಂತೆ ನೋಡುವುದು ಎಲ್ಲ ಅವರ ಕೆಲಸ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಹೊಣೆಯನ್ನು ಸಿಡಿಪಿಒ ಅವರ ಹೆಗಲಿಗೆ ಹಾಕಿದ್ದಾರೆ. ಸಿಡಿಪಿಒ ಅಂದರೆ ಯಾರು ಎಂದು ನಿಮಗೆ ಗೊತ್ತು. ತಾಲ್ಲೂಕಿನ ಅಷ್ಟೂ ಅಂಗನವಾಡಿಗಳ ಅಕ್ಕಿ, ಬೇಳೆ, ಮೊಟ್ಟೆ, ಕಟ್ಟಡ, ಕಾರ್ಯಕರ್ತೆಯರ ವರದಿ ಎಲ್ಲ ಅವರದೇ. ಅದರ ಮೇಲೆ ಇದೂ ಒಂದು. ನಾನು ಅವರನ್ನು ದೂರುವುದಿಲ್ಲ. ಒಬ್ಬ ಮನುಷ್ಯರಿಗೆ ಎರಡು ಹುದ್ದೆಯ ಕೆಲಸ ಕೊಟ್ಟರೆ ಹೆಣ್ಣಿನ ಏಟು ಯಾವಾಗಲೂ ಎರಡನೆಯ ಕೆಲಸವಾಗುತ್ತದೆ.

ಇದು ನಮ್ಮ ಜಿಲ್ಲೆಯ ಗೋಳಷ್ಟೇ ಅಲ್ಲ. ಈ ಕಾಯ್ದೆಯಡಿ 4 ಲಕ್ಷದ 71 ಸಾವಿರಕ್ಕೂ ಹೆಚ್ಚು ಪ್ರಕರಣಗಳು 2022ರ ಜುಲೈ ಹೊತ್ತಿಗೆ ದೇಶದಲ್ಲಿ ಬಾಕಿ ಇದ್ದವು ಎಂಬ ಲೆಕ್ಕ ಸುಪ್ರೀಂ ಕೋರ್ಟಿನ ಮುಂದೆ ಬಂತು. 2025ರ ಮೇ 20ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಎಲ್ಲ ರಾಜ್ಯಗಳಿಗೂ ಆದೇಶ ಮಾಡಿತು: ಸಂರಕ್ಷಣಾಧಿಕಾರಿಗಳು ಇಲ್ಲದ ಕಡೆ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ 6 ವಾರದೊಳಗೆ ಗುರುತಿಸಿ ನೇಮಿಸಿ, ಆಶ್ರಯ ಮನೆಗಳನ್ನು ಗೊತ್ತುಮಾಡಿ, ಕಾಯ್ದೆಯ ಪ್ರಚಾರ ಮಾಡಿ, ಉಚಿತ ಕಾನೂನು ನೆರವು ಕೊಡಿ. ಆದೇಶ ಬಹಳ ಒಳ್ಳೆಯದು. ಆದರೆ ಇರುವ ಅಧಿಕಾರಿಯ ಹೆಸರಿನ ಮುಂದೆ ಇನ್ನೊಂದು ಹುದ್ದೆ ಬರೆದರೆ ಕಾಗದದ ಮೇಲೆ ಆದೇಶ ಪಾಲನೆಯಾದಂತೆಯೇ ಕಾಣುತ್ತದೆ. ಅದಕ್ಕೇ ನಾನು ದುಡ್ಡಿನ ಮಾತು ಎತ್ತಿದ್ದು.

ಅಮೆರಿಕದಲ್ಲಿ 1994ರಲ್ಲಿ ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಕಾನೂನು ಮಾಡಿದಾಗ ಅದರ ಜೊತೆಯಲ್ಲೇ 6 ವರ್ಷಕ್ಕೆ 160 ಕೋಟಿ ಡಾಲರ್ ಎಂದು ಬರೆದುಕೊಂಡರು. ಅಲ್ಲಿ ಹಿಂಸೆ ನಿಂತಿದೆ ಎಂದು ನಾನು ಹೇಳುತ್ತಿಲ್ಲ. ಕಾನೂನು ಬರೆಯುವವರು ಖರ್ಚನ್ನೂ ಬರೆದರು ಎನ್ನುತ್ತಿದ್ದೇನೆ. ನಮ್ಮ 2005ರ ಕಾಯ್ದೆ ಹಾಗೆ ಬರಲಿಲ್ಲ, ಖರ್ಚು ರಾಜ್ಯಗಳ ಪಾಲಿಗೆ ಬಿತ್ತು. 2013ರಲ್ಲಿ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಮಾಡಿದರು, ಸಖಿ ಕೇಂದ್ರಕ್ಕೆ ದುಡ್ಡು ಬರುವುದು ಅದರಿಂದಲೇ. ಆ ನಿಧಿಯ ಹಣ ಖರ್ಚಾಗದೆ ಉಳಿದದ್ದು ಎಷ್ಟೋ ಸಲ ಸುದ್ದಿಯಾಗಿದೆ. ನಮ್ಮ ರಾಜ್ಯದ ಸಾಂತ್ವನ ಯೋಜನೆಯನ್ನೇ ನೋಡಿ. 2000–01ರಲ್ಲಿ ಶುರುವಾಗಿ, ಸ್ವಯಂಸೇವಾ ಸಂಸ್ಥೆಗಳ ಮೂಲಕ ತಾಲ್ಲೂಕುಗಳವರೆಗೂ ಹೋಯಿತು. ಸಂಬಳ ಕಡಿಮೆ, ಅದೂ ತಡವಾಗಿ. ಆದರೂ ಬಸ್ಸಿಳಿದು ನಡೆದು ಹೋಗಬಹುದಾದ ಜಾಗದಲ್ಲಿ ಕೇಳುವ ಒಂದು ಕಿವಿ ಇತ್ತು. ಜಿಲ್ಲೆಯಲ್ಲಿ ಸಖಿ ಕೇಂದ್ರ ಇದೆಯಲ್ಲ ಎಂಬ ಕಾರಣ ಕೊಟ್ಟು ಅವುಗಳಲ್ಲಿ ಅನೇಕವನ್ನು ಮುಚ್ಚುವ ತೀರ್ಮಾನ 2021ರಲ್ಲಿ ಬಂತು. ಕೋಡಿಹಳ್ಳಿ ಆಚೆಯ ಹೆಣ್ಣುಮಗಳಿಗೆ ಕನಕಪುರವೇ ದೂರ. ರಾಮನಗರ ಎಷ್ಟು ದೂರ ಎಂದು ತೀರ್ಮಾನ ಬರೆದವರು ಆ ಬಸ್ಸಿನಲ್ಲಿ ಒಮ್ಮೆ ಕೂತು ನೋಡಲಿ.

ಸರ್ಕಾರ ಹೆಂಗಸರಿಗೆ ಏನೂ ಕೊಟ್ಟಿಲ್ಲ ಎಂದರೆ ಅನ್ಯಾಯವಾಗುತ್ತದೆ. 2023ರ ಜೂನ್‌ನಿಂದ ಬಸ್ಸು ಉಚಿತವಾದ ಮೇಲೆ ಕೋರ್ಟಿಗೆ ಬರುವವರಿಗೆ ಎಷ್ಟು ಅನುಕೂಲವಾಗಿದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ತಾರೀಖಿಗೆ ಬರಲು ಗಂಡನ ಹತ್ತಿರವೇ ಬಸ್ ಚಾರ್ಜು ಕೇಳಬೇಕಾದ ಪರಿಸ್ಥಿತಿ ಇತ್ತು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯೂ ದೊಡ್ಡದು. ಆದರೆ ಅದು ಹೋಗುವುದು ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ. ಅತ್ತೆ ಇರುವ ಮನೆಯಲ್ಲಿ ಅದು ಹೆಚ್ಚಾಗಿ ಅತ್ತೆಯ ಹೆಸರು. ಏಟು ತಿಂದು ಹೊರಗೆ ಬಂದ ಸೊಸೆಗೆ ಅಕ್ಕಿಯೂ ಇಲ್ಲ, ದುಡ್ಡೂ ಇಲ್ಲ.

ಹಾಗಾದರೆ ನಾವು ಏನು ಕೇಳಬೇಕು? ಬೇರೆ ಯಾವ ಕೆಲಸವೂ ಇಲ್ಲದ, ಈ ಕೆಲಸಕ್ಕೇ ಸಂಬಳ ಪಡೆಯುವ ಒಬ್ಬ ಸಂರಕ್ಷಣಾಧಿಕಾರಿ ಪ್ರತಿ ತಾಲ್ಲೂಕಿಗೂ ಬೇಕು. ಅವರಿಗೊಂದು ಕೋಣೆ, ಓಡಾಡಲು ವಾಹನದ ಖರ್ಚು ಬೇಕು. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಮಕ್ಕಳ ಸಮೇತ ಎರಡು ಮೂರು ತಿಂಗಳು ಇರಬಹುದಾದ ಆಶ್ರಯ ಬೇಕು. ದೊಡ್ಡ ಕಟ್ಟಡ ಬೇಡ, ಹತ್ತು ಹಾಸಿಗೆಯ ಬಾಡಿಗೆ ಮನೆಯಾದರೂ ಸಾಕು, ಮಕ್ಕಳು ಅದೇ ಊರಿನ ಶಾಲೆಗೆ ಹೋಗುವಂತಿರಬೇಕು. ಕೋರ್ಟಿಗೆ ಅರ್ಜಿ ಹಾಕಿದ ಹೆಣ್ಣಿಗೆ ತಾತ್ಕಾಲಿಕವಾಗಿ ಬೇರೆ ಪಡಿತರ ಚೀಟಿ ಸಿಗಬೇಕು. ಇದಿಷ್ಟರ ಜೊತೆಗೆ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಇನ್ನೊಂದಿದೆ. ಕೋರ್ಟು ಜೀವನಾಂಶದ ಆದೇಶ ಕೊಟ್ಟ ಮೇಲೂ ಗಂಡ ಕೊಡುವುದಿಲ್ಲ. ಬಿಡದಿಯ ಕಾರ್ಖಾನೆಯಲ್ಲಿ ಖಾಯಂ ಕೆಲಸದಲ್ಲಿದ್ದರೆ ಅವನ ಸಂಬಳದಿಂದಲೇ ನೇರವಾಗಿ ಕಟ್ಟಿಸಲು ಕಾಯ್ದೆಯ 20ನೆಯ ಕಲಮಿನಲ್ಲಿ ದಾರಿ ಇದೆ. ಆದರೆ ಗಾರೆ ಕೆಲಸದವನು, ಆಟೋ ಓಡಿಸುವವನು, ಕೂಲಿಯವನು ಇವರಿಂದ ಯಾವ ಸಂಬಳ ಹಿಡಿಯುವುದು? ಅಂಥ ಕಡೆ ಸರ್ಕಾರವೇ ಮೊದಲು ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳುವ ಒಂದು ನಿಧಿ ಇರಬೇಕು. ಬೆಳೆ ಸಾಲ ವಸೂಲು ಮಾಡಲು ಬರುವ ಸರ್ಕಾರಕ್ಕೆ ಇದು ಬಾರದ ವಿದ್ಯೆಯೇನಲ್ಲ.

"ನಮ್ದು ಸಾಲ ಕೊಡೋ ಸಂಘ, ಗಂಡ ಹೆಂಡ್ತಿ ಜಗಳ ಬಿಡ್ಸೋ ಸಂಘ ಅಲ್ಲ" ಎಂದು ಕೆಲವರು ಹೇಳುತ್ತೀರಿ. ಕಂತು ಯಾಕೆ ನಿಂತಿತು ಎಂದು ವಿಚಾರಿಸಿ ನೋಡಿ, ಎಷ್ಟೋ ಸಲ ಅವಳ ಬೆನ್ನ ಮೇಲೆ ಬಾಸುಂಡೆ ಕಾಣುತ್ತದೆ. ಇನ್ನು ಕಾನೂನಿನ ಮಾತು. ದೌರ್ಜನ್ಯ ನಡೆಯುತ್ತಿದೆ ಎಂದು ಗೊತ್ತಾದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂದು 4ನೆಯ ಕಲಂ ಹೇಳುತ್ತದೆ. ಅವಳ ಪರವಾಗಿ ಬೇರೆಯವರು ಕೋರ್ಟಿಗೆ ಅರ್ಜಿ ಹಾಕಲೂಬಹುದು. ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದ ಒಕ್ಕೂಟಗಳು ಹೆಂಗಸರ ಹಕ್ಕಿನ ರಕ್ಷಣೆ ತಮ್ಮ ಉದ್ದೇಶ ಎಂದು ಬರೆದುಕೊಂಡಿದ್ದರೆ ಈ ಕಾಯ್ದೆಯಡಿ ಸೇವಾ ಸಂಸ್ಥೆಯಾಗಿ ನೋಂದಣಿಗೆ ಅರ್ಜಿ ಹಾಕಬಹುದು. ಆಗ ಘಟನಾ ವರದಿಯನ್ನು ನೀವೇ ಬರೆಯಬಹುದು. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ, ಹೆಣ್ಣು ಎಂಬ ಒಂದೇ ಕಾರಣಕ್ಕೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ, ಫೋನ್ ನಂಬರು 15100.

ಈಗ ಕೆಲಸಕ್ಕೆ ಬರೋಣ. ರಾಜ್ಯದ ಬಜೆಟ್ಟು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚಿನಲ್ಲಿ ಬರುತ್ತದೆ. ಅದಕ್ಕೆ ಬೇಡಿಕೆ ಹೋಗಬೇಕಾದದ್ದು ಅದಕ್ಕಿಂತ ಬಹಳ ಮೊದಲು. ಅದಕ್ಕೂ ಮುಂಚೆ ನಿಮ್ಮ ಪಂಚಾಯ್ತಿಯ ಮಹಿಳಾ ಗ್ರಾಮ ಸಭೆಯಲ್ಲಿ ಈ ವಿಷಯ ಎತ್ತಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬರೆಯದೆ ಎದ್ದು ಬರಬೇಡಿ, ಪ್ರತಿ ಕೇಳಿ ತೆಗೆದುಕೊಳ್ಳಿ. ನಾಲ್ಕೂ ತಾಲ್ಲೂಕಿನಲ್ಲಿ ಶಾಸಕರ ಅಧ್ಯಕ್ಷತೆಯಲ್ಲಿ ಕೆಡಿಪಿ ಸಭೆ ನಡೆಯುತ್ತದೆ. ರಸ್ತೆ, ಚರಂಡಿ, ಟ್ರಾನ್ಸ್‌ಫಾರ್ಮರ್ ಎಲ್ಲ ಅಲ್ಲಿ ಚರ್ಚೆಯಾಗುತ್ತದೆ. ಅದರ ಹಿಂದಿನ ವಾರ ಹತ್ತು ಸಂಘಗಳ ಪ್ರತಿನಿಧಿಗಳು ಸೇರಿ ಶಾಸಕರಿಗೆ ಮನವಿ ಕೊಟ್ಟು ಮೂರು ಪ್ರಶ್ನೆ ಕೇಳಿ: ಕಳೆದ ವರ್ಷ ಈ ತಾಲ್ಲೂಕಿನಲ್ಲಿ ಎಷ್ಟು ಘಟನಾ ವರದಿ ಬರೆದರು, ಎಷ್ಟು ಹೆಂಗಸರಿಗೆ ಆಶ್ರಯ ಸಿಕ್ಕಿತು, ಈ ಕಾಯ್ದೆಗೆಂದು ಎಷ್ಟು ರೂಪಾಯಿ ಬಂತು. ಉತ್ತರ ಬಾರದಿದ್ದರೆ ಇದೇ ಮೂರು ಪ್ರಶ್ನೆಯನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ.

ಮನವಿಯ ಕರಡು ಬರೆದು ತಂದಿದ್ದೇವೆ, ಊಟದ ಮೊದಲು ಓದಿ ಹೇಳುತ್ತಾರೆ. ತಿದ್ದಬೇಕಾದದ್ದು ಇದ್ದರೆ ಅಲ್ಲೇ ಹೇಳಿ. ಚನ್ನಪಟ್ಟಣ, ರಾಮನಗರದವರು ಈ ಕಡೆಯ ಮೇಜಿನ ಹತ್ತಿರ, ಕನಕಪುರ, ಮಾಗಡಿಯವರು ಕಿಟಕಿಯ ಹತ್ತಿರ ಸಹಿ ಹಾಕಿ. ಹೆಬ್ಬೆಟ್ಟೂ ನಡೆಯುತ್ತದೆ. ಸಂಘದ ಸೀಲು ತಂದವರು ಮರೆಯದೆ ಹಾಕಿ.